ನಾವು ಮೆಂಬರಾಗಿದ್ದಾಗ

ಅಧಿಕಾರ ಹೋದವರಿಗೆ ಅನ್ನ ಸೇರುವುದಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಉಲ್ಟಾ ಆಯಿತು. ಮುನ್ಸಿಪಾಲ್ಟಿ ಚುನಾವಣೆಯಲ್ಲಿ ಸೋತು ಬಂದ ನಮ್ಮ ಯಜಮಾನರು ಹೊಟ್ಟೆ ತುಂಬ ರೊಟ್ಟಿ ಉಂಡು, ಮೇಲೆ ಮಜ್ಜಿಗೆಯನ್ನೂ ಕೇಳಿದರು. ಯಾವ ಚುನಾವಣೆಗೂ ನಿಲ್ಲದ ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಮೆಂಬರ್ ಆಗಿದ್ದವರು ಯಾರು ಎಂಬ ಪ್ರಶ್ನೆ ನನಗೆ ಹುಟ್ಟಿದ್ದೇ ಆಗ.

ಎಪ್ಪತ್ತರ ದಶಕದ ಕೊನೆಯ ಮಾತು. ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಓಣಿಯ ಹಿರಿಯರು ಸೇರಿ ಇವರನ್ನು ಮೊದಲ ಸಲ ಚುನಾವಣೆಗೆ ನಿಲ್ಲಿಸಿದರು. ಹೆಂಗಸರ ಓಟು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ತೊಂದರೆ ಏನೆಂದರೆ, ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. "ನಮ್ಮನಿಯವರಿಗೆ ಓಟು ಹಾಕ್ರಿ" ಎಂದರೆ, "ಯಾರ್ರಿ ನಿಮ್ಮನಿಯವರು? ಹೆಸರ ಹೇಳ್ರಿ, ಇಲ್ಲಾಂದ್ರ ಓಟಿಲ್ಲ" ಎಂದು ಬಾಗಿಲಲ್ಲೇ ಅಡ್ಡಗಟ್ಟಿ ನಗುತ್ತಿದ್ದರು. ಕೊನೆಗೆ ಮದುವೆ ಮನೆಯಲ್ಲಿ ಹೇಳುವಂತೆ, ಹೆಸರನ್ನು ಪ್ರಾಸದೊಳಗೆ ಸೇರಿಸಿ ಒಡಪು ಕಟ್ಟಿಯೇ ಹೇಳಬೇಕಾಯಿತು:

"ಬೆಟಗೇರಿ ಸೀರಿಗೆ ಕೆಂಪಂಚು ಚಂದ,
ಈರಪ್ಪನವರು ಆರಿಸಿ ಬಂದ್ರ ಓಣಿಗೆಲ್ಲ ಆನಂದ!"

ಇದು ಹಬ್ಬಿಬಿಟ್ಟಿತು. ಪ್ರತಿ ಮನೆಯವರೂ ತಮಗೆ ಬೇರೆಯದೇ ಒಡಪು ಬೇಕೆಂದು ಹಟ ಹಿಡಿದರು. ಓಟು ಹಾಕಲು ಎಂದೂ ಹೊಸ್ತಿಲು ದಾಟದ ಅತ್ತೆಯರೂ ಸೀರೆ ಬದಲಿಸಿ ಹೊರಟರು. ಇವರು ಆರಿಸಿ ಬಂದರು. ತಮ್ಮ ಭಾಷಣದಿಂದಲೇ ಗೆದ್ದೆ ಎಂದು ಇವರು ಇವತ್ತಿಗೂ ನಂಬಿದ್ದಾರೆ. ನಂಬಲಿ ಪಾಪ.

ಆಮೇಲೆ ನೋಡಿ, ಮುಂಬಾಗಿಲಿಗೆ ಹಾರ ತರುವ ಗಂಡಸರು, ಹಿತ್ತಲ ಬಾಗಿಲಿಗೆ ತಕರಾರು ತರುವ ಹೆಂಗಸರು. ಓಣಿ ಓಣಿ ತಿರುಗಿ ಬಳೆ ಇಡಿಸುವ ಹಸೀನಾಬಿಯಂತೂ ದಿನಾ ಹಾಜರು. "ಅಕ್ಕಾರ, ಗಟಾರ ತುಂಬಿ ಹೊಸ್ತಿಲಿಗೆ ಬಂದೈತ್ರಿ. ಮೆಂಬರ್ ಸಾಹೇಬ್ರ ಕಿವಿಗೆ ಒಂದ ಮಾತ ಹಾಕ್ರಿ." ಆ ಒಂದು ಮಾತು ಹಾಕುವುದೂ ಒಂದು ವಿದ್ಯೆ. ಹಸಿದಾಗ ಗಟಾರದ ಸುದ್ದಿ ತೆಗೆದರೆ ಇವರು ಸಿಡಿಮಿಡಿ. ಬದನೆಕಾಯಿ ಎಣಗಾಯಿ ಬಡಿಸಿ, ಮುಖ ಸ್ವಲ್ಪ ಸಡಿಲಾದ ಮೇಲೆ ಮೆಲ್ಲಗೆ ಹೇಳಬೇಕು. ಮರುದಿನ ಸಭೆಯಲ್ಲಿ ಅದನ್ನೇ ಹೇಳಿ ಬಂದು, "ಗಟಾರದ ಬಗ್ಗೆ ನಾ ಭಾಳ ವಿಚಾರ ಮಾಡೀನಿ ನೋಡ" ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಮುಂಡರಗಿಯಲ್ಲಿದ್ದ ನಮ್ಮವ್ವ ಕಂಡಕಂಡವರ ಮುಂದೆ "ನಮ್ಮ ಮಗಳು ಗದಗಿನ್ಯಾಗ ಮೆಂಬರ್ ಅದಾಳ" ಎನ್ನುತ್ತಿದ್ದಳಂತೆ. ನನ್ನ ತಮ್ಮ "ಮಗಳಲ್ಲಬೇ, ಅಳಿಯಾ" ಎಂದು ತಿದ್ದಿದರೆ, "ಎಲ್ಲಾ ಒಂದ ಬಿಡಲೇ" ಎನ್ನುತ್ತಿದ್ದಳು. ಅವ್ವ ಓದಿದವಳಲ್ಲ, ಆದರೆ ತಿಳಿದವಳು.

ಎರಡನೆಯ ಚುನಾವಣೆ ಬಂದಾಗ ಇವರಿಗೆ ಮರ್ಯಾದೆಯ ಚಿಂತೆ ಹತ್ತಿತು. "ಮೆಂಬರ್ನ ಹೆಂಡ್ತಿ ಮನಿಮನಿಗೆ ಒಡಪ ಹೇಳ್ಕೋಂತ ತಿರಗೂದು ಶೋಭಾ ಅಲ್ಲ" ಎಂದರು. ಮೈಕು ಕಟ್ಟಿದ ಜೀಪು ಬಂತು. ಇವರ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿತು. ಅಷ್ಟು ಕೂಗಿಸಿಕೊಂಡು ಇವರು ಸೋತರು.

ಅಂದಿನಿಂದ ಹಿತ್ತಲ ಬಾಗಿಲು ಯಾರೂ ಬಡಿಯಲಿಲ್ಲ. ಐದು ವರ್ಷ ಯಾರನ್ನು "ಒಲಿ ಮುಂದಿಂದ ಏಳಗೊಡೂದಿಲ್ಲ ಇವರು" ಎಂದು ಬೈದುಕೊಂಡಿದ್ದೆನೋ, ಅವರ ಬಳೆ ಸದ್ದಿಗಾಗಿ ಕಿವಿ ಕಾಯತೊಡಗಿತು. ಚಹಾಕ್ಕೆ ನೀರಿಟ್ಟರೆ ಕೈ ತಾನೇ ಹೆಚ್ಚು ಹಾಕುತ್ತಿತ್ತು. ಬೀದಿದೀಪ ಕೆಟ್ಟದ್ದು ಕಂಡರೆ ಎಷ್ಟನೆಯ ಕಂಬ ಎಂದು ಎಣಿಸಿಕೊಂಡು ಬರುತ್ತಿದ್ದೆ. ಯಾರಿಗೆ ಹೇಳಲಿ? ಇವರಿಗೆ ಹೇಳಿದರೆ "ಈಗ ನಮಗ್ಯಾಕ ಬೇಕು, ಪಲ್ಯಾ ಹಾಕು" ಎನ್ನುತ್ತಿದ್ದರು. ಖರೆ ಹೇಳುತ್ತೇನೆ, ನನಗೆ ಆ ಮೆಂಬರಿಕೆ ಬೇಕಾಗಿತ್ತು. ತವರನ್ನು ನೆನೆದು ಹೊಸ ಸೊಸೆ ಕೊರಗುವಂತೆ ಕೊರಗಿದೆ.

ಎಂಬತ್ತರ ದಶಕದ ಕೊನೆಗೆ ಮತ್ತೆ ಚುನಾವಣೆ ಬಂತು. ಒಂದು ಮುಂಜಾನೆ ಓಣಿಯ ಹೆಂಗಸರೆಲ್ಲ ಹಸೀನಾಬಿಯನ್ನು ಮುಂದೆ ಮಾಡಿಕೊಂಡು ಪಡಸಾಲೆಗೇ ಬಂದರು. "ಅಕ್ಕಾರ, ಈ ಸಲ ನೀವ ನಿಲ್ರಿ" ಎಂದಳು ಆಕೆ. ಇವರು ಪೇಪರು ಕೆಳಗಿಟ್ಟು, "ನಿಲ್ಲಲಿ ಬಿಡ್ರಿ, ನನ್ನ ತಕರಾರೇನಿಲ್ಲ" ಎಂದೂ ಬಿಟ್ಟರು. ಇನ್ನೇನು ಬೇಕು?

ಆದರೆ ಹೋಳಿಗೆ ಸಾಕು ಎಂದವರ ಎಲೆಗೇ ಇನ್ನೊಂದು ಬೀಳುವ ನಾಡು ನಮ್ಮದು. ಕೇಳಿದ ಕೂಡಲೇ ಹೂಂ ಎಂದರೆ ಮಂದಿ ಏನಂದಾರು? "ಅಯ್ಯ, ನಾ ಒಲ್ಲೆನ್ರಿ, ನನ್ನ ಕೈಲೇನಾಗತೈತಿ" ಎಂದು ಸೆರಗು ಹೊದ್ದು ಕುಳಿತೆ. ಇನ್ನೊಮ್ಮೆ ಕೇಳಲಿ, ಒಪ್ಪಿಬಿಡೋಣ ಎಂದು ಕಾದೆ. ಅವರು ಮುಖ ಮುಖ ನೋಡಿಕೊಂಡರು. "ಆತ್ ಬಿಡ್ರಿ, ಅಕ್ಕಾರ್ಗೆ ತ್ರಾಸ ಬ್ಯಾಡ. ಹಸೀನಾಬಿ, ನೀನ ನಿಲ್ಲವಾ" ಎಂದಿತು ಹಿಂದಿನಿಂದ ಒಂದು ದನಿ.

"ಅಯ್ಯ, ನಾ ಒಲ್ಲೆವಾ" ಎಂದಳು ಹಸೀನಾಬಿ, ನನ್ನ ಹಾಗೆಯೇ ಸೆರಗು ಎಳೆದುಕೊಂಡು.

ಮನೆಗೆ ಬಂದವರು ಒಲ್ಲೆ ಎಂದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. "ಹಂಗಂದ್ರ ಹೆಂಗ ಹಸೀನಾ? ನಿಲ್ಲಾಕ ಬೇಕು!" ಎಂದು ಆಕೆಯ ಕೈ ಹಿಡಿದು ಒತ್ತಾಯ ಮಾಡಿದವಳು ನಾನೇ.

"ಅಕ್ಕಾರ ಇಷ್ಟ ಹೇಳಾಕತ್ತಾರಂದ್ರ..." ಎಂದು ಹಸೀನಾಬಿ ಒಪ್ಪಿಕೊಂಡಳು.