ಸಪ್ಪೆ ಸೂಪಿನ ದಾನಶೂರೆ

ಕೊಟ್ಟು ಕೆಟ್ಟವರನ್ನು ನೀವು ಕಂಡಿರಬಹುದು. ಕೊಡುವುದಕ್ಕಾಗಿ ಜಗಳವಾಡಿ ಗಂಟಲು ಕೆಡಿಸಿಕೊಂಡವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ! ಎಂಬತ್ತರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮೌಂಟನ್ ವ್ಯೂನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಂಥ ಒಬ್ಬಳ ಜೊತೆಗೇ ಬಾಡಿಗೆಗಿದ್ದೆ. ನಾನು ಮೈಸೂರಿನಿಂದ ಹೋದ ಎಂಜಿನಿಯರು. ಅವಳು ಅಲ್ಲೇ ಹುಟ್ಟಿ ಬೆಳೆದ ಯಹೂದಿ ಹುಡುಗಿ, ಸ್ಕೂಲ್ ಟೀಚರು.

ಭಾನುವಾರ ಬಂತೆಂದರೆ ಅವಳ ಓರಗೆಯ ಯಹೂದಿ ಗೆಳೆಯರೆಲ್ಲ ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಸಂಬಳದಲ್ಲಿ ಒಂದೊಂದು ಪಾಲು ಒಟ್ಟು ಹಾಕಿ, ಅದನ್ನು ಯಾರಿಗೆ ಕೊಡುವುದೆಂದು ತೀರ್ಮಾನಿಸುವ ಸಭೆ. ಸಭೆಯೇ? ಸಂತೆ! ಒಬ್ಬನಿಗೆ ರಷ್ಯಾದಿಂದ ಹೊರಬರಲಾಗದ ಯಹೂದಿಗಳೇ ಮೊದಲು. "ನಮ್ಮವರನ್ನ ನಾವೇ ನೋಡ್ದಿದ್ರೆ ಇನ್ಯಾರು ನೋಡ್ತಾರೆ?" ಇನ್ನೊಬ್ಬಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಮಲಗುವವರು. "ಹಸಿದವನ ಧರ್ಮ ಕೇಳ್ತೀಯಾ?" ನಮ್ಮವಳದು ಒಂದೇ ಹಟ: "ಯಾರಿಗಾದ್ರೂ ಕೊಡಿ, ತಗೊಳ್ಳೋರ ತಲೆ ತಗ್ಗಬಾರ್ದು!"

"ದಾನ ಮಾಡೋಕೆ ಇಷ್ಟು ಕೂಗಾಟವೇನೇ?" ಎಂದೆ ಒಮ್ಮೆ.

"ದಾನ ಅಲ್ಲ ಕಣೇ. ನಮ್ಮ ಹೀಬ್ರೂನಲ್ಲಿ ಅದರ ಹೆಸರಲ್ಲೇ ನ್ಯಾಯ ಇದೆ. ನ್ಯಾಯ ಅಂದ್ಮೇಲೆ ವಾದ ಇರಲ್ವಾ?"

ಒಂದು ಚಳಿಗಾಲ, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ನಡುಗುತ್ತಿದ್ದ ಮುದುಕಿಯೊಬ್ಬಳ ಬಳಿ ಹೋಗಿ, "ಈ ಕೋಟು ನಂಗೆ ಬಿಗಿ ಆಗುತ್ತೆ, ದಯವಿಟ್ಟು ತಗೊಂಡು ಉಪಕಾರ ಮಾಡಿ" ಎಂದು ಬೇಡಿಕೊಂಡಳು. ಮುದುಕಿ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ಬಣ್ಣ ನಂಗೆ ಒಪ್ಪಲ್ಲ" ಎಂದಳು. ನಮ್ಮವಳಿಗೆ ಪರಮಾನಂದ! "ನೋಡಿದ್ಯಾ, ತಲೆ ಎತ್ತಿ ಬೇಡ ಅಂದ್ರು!" ಆ ಆನಂದದ ಭರದಲ್ಲಿ ನನ್ನ ನೀಲಿ ಕೋಟು ಮುದುಕಿಯ ಹೆಗಲೇರಿತ್ತು. ಮನೆಯವರೆಗೂ ನಡುಗಿದವಳು ನಾನು.

ಆಗ ಏಡ್ಸ್ ಎಂದರೆ ಜನ ರೋಗಿ ಮುಟ್ಟಿದ ಲೋಟವನ್ನೇ ಎಸೆಯುತ್ತಿದ್ದ ಕಾಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಯಸ್ಸಿನ ಹುಡುಗರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಗೆಳೆಯರ ಗುಂಪು ಅಂಥವರಿಗೆ ಹಣ ಕಳಿಸಲು ಒಪ್ಪಿತು. ಇವಳಿಗೆ ಅಷ್ಟು ಸಾಲದು. "ದುಡ್ಡು ಹೋಗಿ ಹಾಸಿಗೆ ಪಕ್ಕ ಕೂತ್ಕೊಳ್ಳುತ್ತಾ?" ಎಂದವಳೇ ಅಂಥ ಒಬ್ಬ ರೋಗಿಗೆಂದು ಸೂಪು ಕಾಯಿಸಿಕೊಂಡು ರೈಲು ಹತ್ತಿದಳು. ಪಾತ್ರೆ ಹಿಡಿಯಲು ನಾನು!

ಒಂಟಿಯಾಗಿದ್ದ ಆ ರೋಗಿ ಹೋಟೆಲಿನಲ್ಲಿ ಅಡುಗೆಯವನಾಗಿದ್ದವನು. ಒಂದು ಚಮಚ ಬಾಯಿಗಿಟ್ಟು, "ರೋಗಕ್ಕಿಂತ ಮುಂಚೆ ಇದೇ ನನ್ನ ಕೊಲ್ಲುತ್ತೆ" ಎಂದ. ಆದರೂ ವಾರವಾರವೂ ಹೋದೆವು. ಒಂದು ದಿನ ಅವನೇ, "ನೀವು ಕೊಡ್ತಾನೇ ಇದ್ದೀರಿ. ಕೊಡೋಕೆ ನನ್ನ ಹತ್ರ ಏನಿದೆ?" ಎಂದು ಗೋಡೆಗೆ ಮುಖ ತಿರುಗಿಸಿದ.

"ತಗೊಳ್ಳೋನೂ ಕೊಡ್ಬೇಕು ಅಂತಾರೆ ನಮ್ಮ ಹಿರಿಯರು. ಸೂಪು ಮಾಡೋದು ಕಲಿಸು" ಎಂದಳು ಇವಳು.

ಅಂದಿನಿಂದ ದಿಂಬಿಗೊರಗಿ ಅವನು ಗದರಿದ್ದೇ ಗದರಿದ್ದು! "ಈರುಳ್ಳಿ ಬೇಯಿಸ್ಬೇಡ, ಹುರಿ!" ಟೀಚರಮ್ಮ ತೆಪ್ಪಗೆ ಹುರಿದಳು. ಸೂಪಿಗೆ ರುಚಿ ಹತ್ತುವ ಹೊತ್ತಿಗೆ ಅವನಿಗೆ ನುಂಗುವ ಶಕ್ತಿ ಉಳಿದಿರಲಿಲ್ಲ.

ಮಂಜು ಕವಿದ ಒಂದು ಬೆಳಿಗ್ಗೆ ಅವನು ಹೋದ. ಕಾಯಿಲೆಯುದ್ದಕ್ಕೂ ಒಮ್ಮೆಯೂ ಬಾರದಿದ್ದ ತಾಯಿ ಮಣ್ಣಿಗೆ ಬಂದರು. "ಅವರಿಗೆ ಇವತ್ತು ನಾಲ್ಕು ಮಾತು ಹೇಳದೆ ಬಿಡಲ್ಲ" ಎಂದು ಇವಳು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದಳು. ಸ್ಮಶಾನದಲ್ಲಿ ಎಲ್ಲರಿಂದ ದೂರ ನಿಂತಿದ್ದ ಆ ಹೆಂಗಸಿನತ್ತ ನೇರ ನಡೆದೇಬಿಟ್ಟಳು. ತೋಳು ಹಿಡಿದು ಜಗ್ಗಿದೆ, ಕೇಳಿದರೆ ತಾನೇ?

ಇವಳು ಬಾಯಿ ತೆರೆಯುವ ಮೊದಲೇ ಆ ತಾಯಿ ಕೇಳಿದರು: "ಕೊನೇ ಗಳಿಗೇಲಿ ಅವನ ಹತ್ರ ಯಾರಾದ್ರೂ ಇದ್ರಾ?"

ಇವಳು ಹೌದೆಂದು ತಲೆಯಾಡಿಸಿದಳು. "ನಾವಿದ್ವಿ. ಒಂದು ಕೈ ನಾನು ಹಿಡ್ಕೊಂಡಿದ್ದೆ. ಇನ್ನೊಂದು ಇವಳು."

ಆ ತಾಯಿ ನಮ್ಮಿಬ್ಬರ ಕೈಗಳನ್ನೂ ಮೆಲ್ಲಗೆ ತೆಗೆದುಕೊಂಡು, ಅಂಗೈಗಳನ್ನು ತಮ್ಮ ಕೆನ್ನೆಗಳಿಗೆ ಒತ್ತಿಕೊಂಡರು.