ಎಂಟು ಪ್ಲಗ್ಗಿನ ಕೆಂಪು ಗಾಡಿ, ನಮ್ಮ ಮಾವನ ಅಂಗಳ

ನಾ ಹೇಳುವುದು ಸುಳ್ಳು ಅನ್ನುವ ಗಂಡಸು ಯಾರಾದರೂ ಇದ್ದರೆ ವಡಗಾವಿಯ ನಮ್ಮ ಗ್ಯಾರೇಜಿಗೆ ಬರ್ರಿ, ಬಾನೆಟ್ ಎತ್ತಿ ತೋರಿಸ್ತೀನಿ. ನಾನು ಬಾನೆಟ್ ಎತ್ತಿದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಖಾನಾಪುರ ತಾಲೂಕು, ಜಾಂಬೋಟಿ ಬಾಜೂ ಹಳ್ಳಿ ನಂದು. ಇಂಜಿನ್ ಸಪ್ಪಳ ಕೇಳಿಯೇ ರೋಗ ಹೇಳುವವರು ಬೆಳಗಾವಿಯಲ್ಲಿ ಇಬ್ಬರೇ. ಒಬ್ಬರು ನಮ್ಮ ಮಿಸ್ತ್ರಿ. ಅವರಿಗೆ ಈಗ ಕಿವಿ ಮಂದ.

ಈ ಎಲ್ಲ ಪ್ರಸಂಗ ಒಂದೇ ಗಾಡಿಯವು. ಹಿಂದವಾಡಿಯ ವಕೀಲರೊಬ್ಬರ ಕೆಂಪು ಅಮೇರಿಕನ್ ಗಾಡಿ. ಎರಡೇ ಬಾಗಿಲು, ಎಂಟು ಸಿಲಿಂಡರ್, ಬಾನೆಟ್ ನಮ್ಮೂರ ಕಣದಷ್ಟು ಅಗಲ. ಬಿಸಿಲಲ್ಲಿ ಹುಲಿ. ನಾಲ್ಕು ಹನಿ ಬಿದ್ದವೋ, ತೊಯ್ದ ಬೆಕ್ಕು. ಪೀರನವಾಡಿ ದಾಟುವುದರೊಳಗೆ ನಿಂತೇ ಬಿಡುತ್ತಿತ್ತು.

ಆ ಗಾಡಿ ನನಗೇಕೆ ಬೇಕಿತ್ತು ಅಂದರೆ, ನಮ್ಮ ಸ್ವಾದರಮಾವನ ಸಲುವಾಗಿ. ಅವನ ಮಗಳನ್ನು ನಾನು ಕೇಳಿದ್ದೆ. ಆಕೆಗೂ ಮನಸ್ಸಿತ್ತು. ಮಾವ ಊರ ಮಂದಿಯ ಮುಂದೆ ಮೀಸೆ ತಿರುವಿದ. "ಮಂದಿ ಗಾಡಿ ಬುಡಕ ಮಲಗಾವಗ ನಾ ಮಗಳ್ನ ಕೊಡಂಗಿಲ್ಲ. ನಾಕ ಗಾಲಿ ಗಾಡಿ ನೀನ ಹೊಡಕೊಂಡು ನನ್ನ ಅಂಗಳಕ್ಕ ಬಾ, ಆಮ್ಯಾಲೆ ಮಾತು."

"ಬರ್ತೀನಿ. ಅಂಗಳ ಸಾಲೂದಿಲ್ಲ, ದನದ ಮೇವಿನ ಗ್ವಾದ್ಲಿ ಸರಿಸಿ ಇಡು," ಅಂದು ಎದ್ದು ಬಂದೆ.

ದಪ್ಪ ಕಾರ್ಡು

ಹಳೇ ಗಾಡಿಯಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಬ್ಬಿಯೊಳಗೆ ಪಾಯಿಂಟ್ ಅಂತ ಎರಡು ಸಣ್ಣ ತುಟಿ ಇರುತ್ತವೆ. ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ಕಿಡಿ ಹುಟ್ಟಿಸಬೇಕು. ನಡುವಿನ ಸಂದು ಎಳೆಯಷ್ಟು ತಪ್ಪಿದರೂ ಗಾಡಿ ಕೆಮ್ಮುತ್ತದೆ. ಸಂದು ಅಳೆಯಲು ಗೇಜ್ ಸಿಗುತ್ತದೆ. ನಮ್ಮ ಮಿಸ್ತ್ರಿ ಗೇಜ್ ಮುಟ್ಟುವ ಕುಲವಲ್ಲ. ವಕೀಲರ ವಿಸಿಟಿಂಗ್ ಕಾರ್ಡನ್ನೇ ಸಂದಿಯಲ್ಲಿ ತೂರಿಸಿ, ಎಳೆದು ನೋಡಿ, "ಬರೋಬ್ಬರಿ" ಅನ್ನುವರು. ಬಹಳ ಕಾಲ ಹಾಗೇ ನಡೆಯಿತು.

ಒಂದು ಸಲ ಏನು ಮಾಡಿದರೂ ಕೆಮ್ಮು ನಿಲ್ಲಲಿಲ್ಲ. ಮಿಸ್ತ್ರಿ ಪೆಟ್ರೋಲಿಗೆ ಬೈದರು, ಹವಾಕ್ಕೆ ಬೈದರು, ಕಡೆಗೆ ನನಗೆ ಬೈದರು. ನಾನು ಕಾರ್ಡು ತೆಗೆದು ನೋಡಿದೆ. ಬಂಗಾರದ ಅಂಚು, ಉಬ್ಬಿದ ಅಕ್ಷರ. ಬಾಜೂಕ್ಕೆ ನಿಂತ ವಕೀಲರನ್ನು ಕೇಳಿದೆ.

"ಸಾಹೇಬ್ರ, ಕಾರ್ಡ್ ಯಾವಾಗ ಬದಲಿ ಮಾಡಿದ್ರಿ?"

"ನೋಟರಿ ಆದ್ನೆಲ್ಲೋ, ಆವಾಗ ದಪ್ಪಂದು ಮಾಡಿಸೀನಿ. ಯಾಕ?"

"ನೀವು ನೋಟರಿ ಆಗಿದ್ದು ಗಾಡಿಗೆ ಹಿಡಿಸಿಲ್ರಿ."

ಕಬ್ಬಿಣ ಕಾದಿತ್ತು, ಬಡಿದೇ ಬಿಟ್ಟೆ. "ಈ ಪಾಯಿಂಟ್ ಕಿತ್ತೊಗದು ಎಲೆಕ್ಟ್ರಾನಿಕ್ ಕೂಡಸ್ತೀನ್ರಿ. ಮಳ್ಯಾಗ ಜಾಂಬೋಟಿಗೆ ಹೋಗೂಣು. ದಾರ್ಯಾಗ ಎಲ್ಲೂ ನಿಲ್ಲಲಿಲ್ಲಂದ್ರ ಅಲ್ಲಿಂದ ನಮ್ಮೂರತನಕಾ ಸ್ಟೇರಿಂಗ್ ನನಗ."

ವಕೀಲರ ಮುಖ ಸಣ್ಣದಾಯಿತು. ಅವರ ತಂದೆಯ ನಂತರ ಆ ಸ್ಟೇರಿಂಗ್ ಹಿಡಿದವರು ಅವರೊಬ್ಬರೇ. ಹೆಂಡತಿಗೂ ಕೊಟ್ಟಿರಲಿಲ್ಲ.

"ನಿಂತ್ರ?"

"ನಿಂತ್ರ ನಾ ಇನ್ನ ಈ ಬಾನೆಟ್ ಮುಟ್ಟಂಗಿಲ್ಲ."

ಹಿಂದಿನಿಂದ ಮಿಸ್ತ್ರಿ ಅಂದರು: "ದೇವ್ರ, ನಿಲ್ಲಸಪಾ."

ಅಳ್ಳಾಡದ ಡಬ್ಬಿ

ಹೊಸ ಸಾಮಾನು ಬಂತು. ಕಡ್ಡೀಪೆಟ್ಟಿಗೆಯಷ್ಟು ಕರೀ ಡಬ್ಬಿ, ಒಂದು ಮ್ಯಾಗ್ನೆಟ್ ಬಳೆ, ಎರಡು ವೈರು. ಮಿಸ್ತ್ರಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗ ಏನೂ ಅಳ್ಳಾಡೂದಿಲ್ಲ. ಅಳ್ಳಾಡದ್ದು ಕೆಲಸ ಹೆಂಗ ಮಾಡ್ತೈತಲೇ?"

"ನೀವು ಮುಂಜಾನಿಂದ ಕುಂತಲ್ಲೇ ಕುಂತೀರಿ. ಗ್ಯಾರೇಜ್ ನಡದಿಲ್ಲೇನ್ರಿ?"

ಬೋಲ್ಟ್ ತಿರುವುವ ಪಾನಾ ಹಾರಿ ಬಂತು. ತಪ್ಪಿಸಿಕೊಂಡು ಗಾಡಿ ಚಾಲೂ ಮಾಡಿದೆ. ಆ ಸಪ್ಪಳಕ್ಕೆ ಬಾಜೂ ಮನೆಯ ಮಗ್ಗ ನಿಂತವು. ಇಂಜಿನ್ ಎಷ್ಟು ನುಣ್ಣಗೆ ತಿರುಗುತ್ತಿತ್ತೆಂದರೆ, ಮೇಲೆ ಚಾದ ಕಪ್ಪು ಇಟ್ಟು ತೋರಿಸಿದೆ. ಒಂದು ಹನಿ ಚೆಲ್ಲಲಿಲ್ಲ. ಮಿಸ್ತ್ರಿ ಚಾ ಎತ್ತಿಕೊಂಡು ಕುಡಿದರು.

ಈ ಡಬ್ಬಿಗೆ ಒಂದೇ ಪಥ್ಯ: ಇಂಜಿನ್ ಬಂದ್ ಇದ್ದಾಗ ಚಾವಿ ತಿರುವಿ ಹಾಗೇ ಬಿಡಬಾರದು, ಸುಟ್ಟುಹೋಗುತ್ತದೆ. ವಕೀಲರಿಗೋ, ರವಿವಾರ ಗಾಡಿಯಲ್ಲಿ ಕುಂತು ಚಾವಿ ತಿರುವಿ ಕ್ಯಾಸೆಟ್ ಕೇಳುವ ಚಟ.

"ಹಾಡು ಇನ್ನ ಮನ್ಯಾಗ ಕೇಳ್ರಿ, ಸಾಹೇಬ್ರ."

"ಮನ್ಯಾಗ ಕೇಳೂಹಂಗಿದ್ರ ಇಷ್ಟು ದೊಡ್ಡ ಗಾಡಿ ಯಾಕ ಇಟ್ಟಿರ್ತಿದ್ದೆ?"

ಅಕ್ಕಾವ್ರ ಖಂಡೇಪೂಜಿ

ಎಂಟು ಪ್ಲಗ್ಗು ಅಂದರೆ ಎಂಟು ವೈರು. ಯಾವುದರ ನಂತರ ಯಾವುದಕ್ಕೆ ಕಿಡಿ ಹೋಗಬೇಕು ಅನ್ನುವುದಕ್ಕೆ ಒಂದು ಸಾಲು ಇರುತ್ತದೆ. ಬೇರೆಯವರು ಚೀಟಿ ಅಂಟಿಸುತ್ತಾರೆ. ವಡಗಾವಿಯಲ್ಲಿದ್ದು ಚೀಟಿ ಯಾಕೆ? ಮಗ್ಗದ ಮನೆಯಿಂದ ಎಂಟು ಬಣ್ಣದ ರೇಷ್ಮೆ ದಾರ ತಂದು ಒಂದೊಂದು ವೈರಿಗೆ ಒಂದೊಂದು ಕಟ್ಟಿದ್ದೆ. "ದಾರ ಹೋದ್ರ?" ಅಂದರು ಮಿಸ್ತ್ರಿ. "ಸಾಲು ತಲ್ಯಾಗ ಐತಿ," ಅಂದೆ.

ಆಯುಧಪೂಜೆ, ಅಂದರೆ ಖಂಡೇನವಮಿ ಮುಂಜಾನೆ ವಕೀಲರ ಫೋನು. "ಲಗೂನ ಬಾ. ಗಾಡಿ ಬಾಂಬ್ ಹೊಡದೈತಿ."

ಹೋದೆ. ಇಡೀ ಓಣಿ ಹೊರಗೆ ನಿಂತಿತ್ತು. ವಕೀಲರು ಚಾವಿ ತಿರುವಿದ್ದಕ್ಕೆ ಸೈಲೆನ್ಸರಿನಿಂದ ಢಂ ಅಂದು, ಗಾಲಿ ಬುಡಕ್ಕಿಟ್ಟ ಲಿಂಬೆಹಣ್ಣು ಗಟಾರಕ್ಕೆ ಹಾರಿತ್ತಂತೆ. ಬಾನೆಟ್ ಎತ್ತಿದೆ. ಇಂಜಿನ್ ಹಬ್ಬದ ತಾಮ್ರದ ಕೊಡದಂತೆ ಫಳಫಳ. ನನ್ನ ರೇಷ್ಮೆ ದಾರ ಒಂದೂ ಇಲ್ಲ. ಎಂಟೂ ವೈರಿಗೆ ಅರಿಶಿಣ ದಾರ, ಒಂದೊಂದಕ್ಕೂ ಒಂದೊಂದು ಅರಿಶಿಣ ಕೊಂಬು.

ವಕೀಲರ ಹೆಂಡತಿ, ನಮಗೆಲ್ಲ ಅಕ್ಕಾವ್ರು, ನಗುತ್ತ ಬಂದರು. "ಜಿಡ್ಡು ಹಿಡದ ದಾರ ಪೂಜಿಗೆ ಬರ್ತಾವೇನೋ? ಬಿಚ್ಚಿ ಒಗದ್ನಿ. ವೈರೂ ಬಿಚ್ಚಿ ಒರೆಸೀನಿ. ಹುಣಸಿಹಣ್ಣು ಹಚ್ಚಿ ತಿಕ್ಕೀನಿ, ನೋಡು."

"ವೈರು ಮತ್ತ ಹೆಂಗ ಸಿಗಿಸಿದ್ರಿ, ಅಕ್ಕಾವ್ರ?"

"ಚೆಂದ ಕಾಣೂಹಂಗ."

ಮಿಸ್ತ್ರಿ ಬಂದು ಕೈಕಟ್ಟಿ ನಿಂತರು. "ಸಾಲು ತಲ್ಯಾಗ ಐತೆಲ್ಲ? ತಗಿ ಹೊರಗ."

ತಲೆಯೆಲ್ಲ ತಡಕಿದೆ, ಸಾಲು ಸಿಗಲಿಲ್ಲ. ಮರುದಿನ ದಸರಾ, ಅವತ್ತೇ ಜಾಂಬೋಟಿಗೆ ಹೋಗುವ ಮಾತಾಗಿತ್ತು. ಇಂಜಿನ್ನಿನ ನೆತ್ತಿಯ ಮೇಲೆ ಕೈಯಿಟ್ಟು ಬಗ್ಗಿದೆ. ಆಗ ಕಂಡಿತು. ಎಷ್ಟೋ ವರ್ಷದ ಜಿಡ್ಡು ಹುಣಸೆಹಣ್ಣಿಗೆ ಬಿಟ್ಟು, ಕಂಪನಿಯವರು ಎರಕದಲ್ಲೇ ಮೂಡಿಸಿದ್ದ ಸಾಲು ಬೆಳ್ಳಗೆ ಹೊಳೆಯುತ್ತಿತ್ತು. ನಾನು ಅರ್ಧ ಕಣ್ಣು ಮುಚ್ಚಿ, ಮಂತ್ರ ಹೇಳಿದಂತೆ ಹೇಳುತ್ತ ವೈರು ಸಿಗಿಸಿದೆ. "ಒಂದು, ಎಂಟು, ನಾಕು, ಮೂರು, ಆರು, ಐದು, ಏಳು, ಎರಡು." ಚಾವಿ ತಿರುವಿದೆ. ಹುಲಿ!

ವಕೀಲರು ಚಪ್ಪಾಳೆ ತಟ್ಟಿದರು. "ಭೇಷ್! ಏನ್ ತಲಿ ಐತೋ ನಿಂದು!"

ಅಕ್ಕಾವ್ರು ಅಂದರು: "ತಲಿ ಎಲ್ಲೀದ್ರಿ? ಅಲ್ಲೇ ಮೂಡೇತಿ. ನಾನಽ ತಿಕ್ಕೀನಿ."

ಅರಿಶಿಣ ದಾರ ಬಿಚ್ಚಲು ಮಾತ್ರ ಅವರು ಬಿಡಲಿಲ್ಲ.

ಮಾವನ ಅಂಗಳ

ದಸರಾ ದಿನ ವಕೀಲರು ಸ್ಟೇರಿಂಗಿಗೆ, ನಾನು ಬಾಜೂಕ್ಕೆ, ನಾನು ಸೋಲುವುದನ್ನು ನೋಡಲೆಂದೇ ಮಿಸ್ತ್ರಿ ಹಿಂದಿನ ಸೀಟಿಗೆ. ಕಿಣಯೆ ದಾಟುತ್ತಲೇ ಮಳೆ ಹಿಡಿಯಿತು. ವೈಪರ್ ಸೋತವು, ಗಾಡಿ ಸೋಲಲಿಲ್ಲ. ಏರಿನಲ್ಲಿ ಹೊಸ ಗಾಡಿಯೊಂದು ದೀಪ ಮಿಣುಕಿಸುತ್ತ ನಿಂತಿತ್ತು. ನಾವು ಅದರ ಬಾಜೂ ಗುಡುಗುತ್ತ ಹೋದೆವು. ನಾನು ಕಿಟಕಿ ಇಳಿಸಿ ಕೈ ಬೀಸಿದೆ. ಯಾಕೆ ಬೀಸಬಾರದು?

ಜಾಂಬೋಟಿ ಬಂತು. ವಕೀಲರು ಗಾಡಿ ನಿಲ್ಲಿಸಿದರು, ಇಳಿಯಲಿಲ್ಲ.

"ಮಳಿ ನಿಲ್ಲಲಿ ತಡಿ."

"ಸಾಹೇಬ್ರ, ಜಾಂಬೋಟ್ಯಾಗ ಮಳಿ ನಿಲ್ಲೂದನ್ನ ಕಾಯ್ದವರು ಇಲ್ಲೇ ಮನಿ ಕಟಗೊಂಡಾರ್ರಿ."

ನಿಟ್ಟುಸಿರು ಬಿಟ್ಟು ಇಳಿದರು. ನಾನು ಸ್ಟೇರಿಂಗ್ ಹಿಡಿದೆ. ನಮ್ಮೂರ ದಾರಿಯಲ್ಲಿ ಹುಡುಗರು ಗಾಡಿ ಬಂತೆಂದು ಮರಾಠಿಯಲ್ಲಿ "ಆಲೀ ರೇ ಆಲೀ!" ಎಂದು ಕೂಗುತ್ತ ಬೆನ್ನು ಹತ್ತಿದರು. ಮಾವನ ಅಂಗಳದಲ್ಲಿ ನಿಲ್ಲಿಸಿ ಒಮ್ಮೆ ಜೋರಾಗಿ ರೇಸ್ ಮಾಡಿದೆ. ಕೋಳಿಗಳು ಮಾಡಿನ ಮೇಲೆ ಹತ್ತಿದವು. ಗ್ವಾದ್ಲಿ ಸರಿಸಿರಲಿಲ್ಲ, ಗಾಡಿಯ ಹಿಂಭಾಗ ರಸ್ತೆಯಲ್ಲೇ ಉಳಿಯಿತು.

ಮಾವ ಬಾಗಿಲಲ್ಲಿ ನಿಂತು ನೋಡಿದ. "ಗಾಡಿ ನಿಂದಲ್ಲಲೇ."

ನಾನು ಬಾಯಿ ತೆರೆಯುವ ಮೊದಲೇ ವಕೀಲರು ಮುಂದೆ ಬಂದರು. "ಯಜಮಾನ್ರ, ಹೊಡಕೊಂಡು ಬಾ ಅಂದಿದ್ರೋ, ಮಾಲಕ ಆಗಿ ಬಾ ಅಂದಿದ್ರೋ?"

"ಹೊಡಕೊಂಡು ಬಾ ಅಂದಿದ್ದೆ."

"ಬಂದಾನ. ಮಾತು ಮುಗೀತು."

ಮಾವ ಸೋಲುವ ಆಸಾಮಿಯಲ್ಲ. "ಹಂಗಾರ ಬಾನೆಟ್ ತಗಿ, ಏನ್ ಮಾಡೀ ತೋರಿಸು," ಅಂದ. ಎದೆಯುಬ್ಬಿಸಿ ಎತ್ತಿದೆ. ಮಾವ ಬಗ್ಗಿದ. ಎಂಟು ಅರಿಶಿಣ ದಾರ, ಎಂಟು ಅರಿಶಿಣ ಕೊಂಬು. ಒಂದೊಂದೇ ಮುಟ್ಟಿ ನೋಡಿ, ಊರ ಮಂದಿಗೆಲ್ಲ ಕೇಳುವಂತೆ ಕೂಗಿದ:

"ನನ್ನ ಮಗಳ್ನ ಕೇಳಾಕ ಬಂದಾನಂತ ಮಾಡಿದ್ದೆ. ಇಂವ ಆಗಲೇ ಎಂಟು ತಾಳಿ ಕಟ್ಟಿ ಬಂದಾನಲ್ರೋ!"

ಮಿಸ್ತ್ರಿ ನಕ್ಕು ನಕ್ಕು ಗ್ವಾದ್ಲಿಯೊಳಗೆ ಕುಂತುಬಿಟ್ಟರು. ಆಗ ಆಕೆ ಹೊರಗೆ ಬಂದಳು. ಇಂಜಿನ್ ನೋಡಿದಳು, ನನ್ನನ್ನು ನೋಡಿದಳು.

"ಅಪ್ಪಾ, ಆ ಎಂಟೂ ಇವನ ಮಾತ ಕೇಳ್ತಾವಂತ. ಒಂಬತ್ನೇದಕಿ ಕೇಳಂಗಿಲ್ಲಂತ ಈಗಽ ಹೇಳಿ ಬಿಡು."

ಮಾವ ನನ್ನ ಕೈಗೆ ದಸರೆಯ ಬನ್ನಿ ಕೊಟ್ಟ. ಕಾರ್ತಿಕದಲ್ಲಿ ಮಗಳನ್ನು ಕೊಟ್ಟ.