ಎರಡು ತಲೆಯ ಹಕ್ಕಿಯೊಳಗಿದ್ದವನು ನಾನೇ ಎಂದು ಒಪ್ಪಿಕೊಳ್ಳುವ ಕುರಿತು

ಇಂದ:
ಮಚ್ಛೇಂದ್ರ ಕಾಶೀರಾಮ,
ಹಂಗಾಮಿ ನಕಲುಗಾರ,
ಸ್ವಂತ ಊರು ಚಿಂತಾಕಿ, ಔರಾದ ತಾಲೂಕು,
ಸದ್ಯ ವಾಸ ಮೈಲೂರ, ಬೀದರ.

ಗೆ:
ಮೈಸೂರು ಕಡೆಯಿಂದ ಹೊಸದಾಗಿ ದಯಮಾಡಿಸಿರುವ ಮಾನ್ಯ ಸಾಹೇಬರು,
ತೂಕ-ಅಳತೆ ತಪಾಸಣೆ ಕಚೇರಿ, ಬೀದರ.
(ಹೆಡ್ ಕ್ಲರ್ಕರ ಮೂಲಕ ಅಲ್ಲ. ಖುದ್ದು ಕೈಗೆ.)

ವಿಷಯ: ರಾಜ್ಯ ಸೇರ್ಪಡೆಯ ಮೆರವಣಿಗೆಯ ದಿನ ನನ್ನ ಹೆಸರಿನ ಮುಂದೆ ಬರೆದಿರುವ ‘ರಜಾ’ ಹೊಡೆದುಹಾಕಿ ‘ಹಾಜರು’ ಎಂದು ಬರೆಯುವ ಬಗ್ಗೆ.

ಉಲ್ಲೇಖ: ೧. ತಮ್ಮ ಬಾಯಿಮಾತಿನ ಹುಕುಂ. ೨. ಹೆಡ್ ಕ್ಲರ್ಕರ ಕಿವಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನಾದ ನಾನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇಪ್ಪತ್ತು ವರ್ಷ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದವನು. ಈ ತಿಂಗಳಿಂದ ಕನ್ನಡದಲ್ಲಿ ಎಡದಿಂದ ಬಲಕ್ಕೆ ಬರೆಯುತ್ತಿದ್ದೇನೆ. ಈ ಅರ್ಜಿಯನ್ನು ಕಚೇರಿಯ ಮಾದರಿ ನೋಡಿ ಬರೆದಿದ್ದೇನೆ. ‘ಕಾರಣ’, ‘ಆದ್ದರಿಂದ’ ಹೆಚ್ಚಾಗಿ ಬಿದ್ದಿದ್ದರೆ ಅದು ಮಾದರಿಯ ತಪ್ಪು.

೧. ತಾವು ಇಲ್ಲಿಗೆ ಬಂದ ವಾರವೇ ನಮ್ಮನ್ನೆಲ್ಲ ನಿಲ್ಲಿಸಿ, “ಮೆರವಣಿಗೇಲಿ ನಮ್ಮ ಕಚೇರಿಯಿಂದ ಒಂದು ಗಂಡಭೇರುಂಡ ಹೋಗಲೇಬೇಕು” ಎಂದು ಹುಕುಂ ಮಾಡಿದಿರಿ. ಎಲ್ಲರೂ ನಕ್ಕು ತಲೆಯಾಡಿಸಿದರು. ತಾವು ಹೋದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಲೆಯಾಡಿಸುವುದನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು ನಾನಾದ ಕಾರಣ, ಕೆಲಸ ನನ್ನ ಕೊರಳಿಗೆ ಬಿತ್ತು.

೨. ಮನೆಗೆ ಹೋಗಿ ಹೆಂಡತಿ ಶಾಲುಬಾಯಿಗೆ ವಿಷಯ ಹೇಳಿದೆ.

“ಗಂಡ ಅಂದ್ರ ಗೊತ್ತದ. ಭೇರುಂಡ ಅಂದ್ರ ಏನ್ರಿ?” ಅಂದಳು.

“ಎರಡು ತಲಿ ಹಕ್ಕಿ. ಆನಿ ಎತ್ಕೊಂಡು ಹಾರ್ತದಂತ. ಅದರ ಮುಂದ ಯಾರ ಆಟಾನೂ ನಡೆಯಾಂಗಿಲ್ಲಂತ.”

“ಒಂದು ತಲಿ ಗಂಡನ್ನ ಸಂಭಾಳಸೂದೇ ನನಗ ಸಾಕಾಗ್ಯದ. ಇನ್ನೊಂದು ತಲಿ ಬ್ಯಾರೆ ಬೇಕೇನ್ರಿ?”

ಆದರೂ ಅವಳೇ ತಾನು ಹೊದೆಯುವ ಎರಡು ಕೌದಿಗಳನ್ನು ರೆಕ್ಕೆಗೆಂದು ಕೊಟ್ಟಳು. ಚಳಿಗಾಲದಲ್ಲಿ ಕೌದಿ ಕೊಡುವ ಹೆಂಡತಿ ಎಷ್ಟು ಮಂದಿಗಿದ್ದಾಳೆ ಎಂಬುದನ್ನು ತಾವು ಗಮನಿಸಬೇಕು.

೩. ಆ ಹಕ್ಕಿಯನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ. ನನಗೆ ಸಿಕ್ಕ ಆಧಾರ ಒಂದೇ, ಮೈಸೂರಿನಿಂದ ಬಂದ ಲಕೋಟೆಯ ಮೇಲಿನ ಮುದ್ರೆ. ಆ ಮುದ್ರೆಯ ಮಸಿ ಹರಡಿತ್ತು. ಕಾರಣ, ಹಕ್ಕಿಯ ಹೊಟ್ಟೆ ಇರಬೇಕಾದುದಕ್ಕಿಂತ ದಪ್ಪವಾಯಿತು. ಆ ಹೊಟ್ಟೆಗೆ ಜವಾಬ್ದಾರಿ ನನ್ನದಲ್ಲ, ಅಂಚೆ ಚೀಲದ್ದು.

೪. ಆನೆ ಎತ್ತುವ ಹಕ್ಕಿಗೆ ಬೇಕೇಬೇಕಾದ ಕವಚದ ಬಗ್ಗೆ. ಭಾಲ್ಕಿಯಲ್ಲಿ ಮೋಟಾರು ರಿಪೇರಿ ಮಾಡುವ ಜಹೀರೋದ್ದೀನ ನನ್ನೊಡನೆ ಸಾಲಿಯಲ್ಲಿ ಓದಿದ ದೋಸ್ತ. ಅವನ ಅಂಗಳದಲ್ಲಿ ಕೆಟ್ಟುನಿಂತ ಬಸ್ಸಿನ ಸೀಟುಗಳ ಒಳಗೆ ರಬ್ಬರಿನ ಸ್ಪಂಜು ಇತ್ತು. ಅದನ್ನು ಹರಿದು ತಂದು, ಕ್ಷೌರದ ಬ್ಲೇಡಿನಿಂದ ಕೊಯ್ದು, ಸೈಕಲ್ ಟ್ಯೂಬಿಗೆ ಹಚ್ಚುವ ಅಂಟಿನಿಂದ ಎದೆ, ಭುಜ, ತೊಡೆಗಳ ಕವಚ ಕೂಡಿಸಿದೆ. ಮೇಲೆ ಬೇಗಡೆ ಕಾಗದ ಅಂಟಿಸಿದಾಗ ಥೇಟ್ ಹಿತ್ತಾಳೆಯಂತೆ ಹೊಳೆಯಿತು. ಬಡಿದರೆ ಮಾತ್ರ ಸದ್ದು ಬರುತ್ತಿರಲಿಲ್ಲ. ಕೂತರೆ ಪುಸ್ ಎನ್ನುತ್ತಿತ್ತು.

೫. ಹೊಲಿಗೆ ಖಾಜಾ ಮಿಯಾ ಅವರದು. ನಿಜಾಮರ ಕಾಲದಲ್ಲಿ ದೊಡ್ಡ ದೊಡ್ಡ ಸಾಹೇಬರ ಶೇರವಾನಿ ಹೊಲಿದ ಕೈ. ಹಕ್ಕಿಗೂ ಅವರು ಶೇರವಾನಿಯ ಕಾಲರನ್ನೇ ಇಟ್ಟರು, ಅದೂ ಎರಡು. ನಾನು ಕೇಳಿದ್ದಕ್ಕೆ, “ತಲಿ ಎರಡು ಇದ್ದ ಮ್ಯಾಲ ಕಾಲರ್ ಒಂದೇ ಹ್ಯಾಂಗ ಇಡ್ಲಿ? ನೋಡಿದ ಮಂದಿ ನನಗ ಏನಂತಾರ?” ಎಂದರು. ರೆಕ್ಕೆಯೊಳಗೆ ನನ್ನ ಕೈ ಸೇರಿಸಿ ಹೊರಗಿನಿಂದಲೇ ಹೊಲಿದುಬಿಡುವುದೆಂದೂ ಅವರೇ ಠರಾಯಿಸಿದರು. ನನ್ನ ಸ್ವಂತ ತಲೆ ಎರಡು ಕೊರಳುಗಳ ಬುಡದಲ್ಲಿ, ಉಸಿರಿಗೆಂದು ಬಿಟ್ಟ ಜಾಳಿಗೆಯ ಹಿಂದೆ ಇತ್ತು. ಅಂದರೆ ವಾಸ್ತವದಲ್ಲಿ ತಲೆಗಳು ಮೂರು. ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ತಲೆಗೆ ಕಚೇರಿಯಲ್ಲಿಯೂ ಅದು ರೂಢಿಯಾಗಿದೆ.

೬. ಈಗ ಮುಖ್ಯ ಅಂಶಕ್ಕೆ ಬರುತ್ತೇನೆ. ಮೇಲಂಗಿ, ಕೆಳಗಿನದು ಒಂದೇ ಬಟ್ಟೆಯಲ್ಲಿದ್ದರೆ ಖಾಜಾ ಮಿಯಾ ಅದನ್ನು ‘ಸೂಟ್’ ಎನ್ನುತ್ತಾರೆ. ಅವರ ಅಂಗಡಿಯಲ್ಲಿ ಕೂತು ಕೂತು ನನ್ನ ಬಾಯಿಗೂ ಅದೇ ಹತ್ತಿತು. ಮೆರವಣಿಗೆಯ ಹಿಂದಿನ ದಿನ ನಾನು, ಧಾರವಾಡ ಕಡೆಯಿಂದ ಬಂದ ನಮ್ಮ ಹೆಡ್ ಕ್ಲರ್ಕರಿಗೆ ಹೀಗೆ ಅರಿಕೆ ಮಾಡಿದೆ: “ನಾಳಿ ನಂದು ಸೂಟ್ ಅದರೀ. ಕೈ ಒಳಗಿರ್ತಾವ. ಸಹಿ ಮಾಡ್ಲಿಕ್ಕ ಆಗಾಂಗಿಲ್ಲ.”

ನಾವು ‘ಛುಟ್ಟಿ’ ಎನ್ನುವುದನ್ನು ಧಾರವಾಡದವರು ‘ಸೂಟಿ’ ಎನ್ನುತ್ತಾರೆಂಬುದು ನನಗೆ ಆಗ ತಿಳಿದಿರಲಿಲ್ಲ. ತಾವು ಅಲ್ಲಿಯೇ ಇದ್ದಿರಿ. “ಏನಂತೆ ಅವರದು?” ಎಂದು ಕೇಳಿದಿರಿ.

“ನಾಳೆ ಸೂಟಿ ಬೇಕಂತ್ರೀ.”

“ಸೂಟಿ ಅಂದ್ರೆ?”

“ರಜಾ ರೀ.”

“ಓ, ಹಾಕ್ಕೊಳ್ಳಿ ಬಿಡಿ, ಪಾಪ,” ಎಂದು ತಾವು ನಕ್ಕಿರಿ. ಉರ್ದುವಿನಲ್ಲಿ ‘ರಜಾ’ ಎಂದರೆ ಒಪ್ಪಿಗೆಯಾದ ಕಾರಣ, ತಾವು ನನ್ನ ವೇಷಕ್ಕೆ ಒಪ್ಪಿಗೆ ಕೊಟ್ಟಿರೆಂದು ನಾನೂ ನಕ್ಕೆ. ಹೀಗೆ ಮೂರೂ ಜನ ಕನ್ನಡದಲ್ಲಿಯೇ ಮಾತಾಡಿ, ಮೂರೂ ಜನ ಮೂರು ದಾರಿ ಹಿಡಿದೆವು.

೭. ಪರಿಣಾಮವಾಗಿ, ಊರಿಗೆಲ್ಲ ಕಾಣುವಂತೆ ನಾನು ಕೋಟೆಯಿಂದ ಊರ ನಡುವಿನ ಚೌಬಾರಾ ಗೋಪುರದ ತನಕ ಕುಣಿದ ದಿನವೇ ಪುಸ್ತಕದಲ್ಲಿ ಗೈರಾದೆ. ಮೆರವಣಿಗೆಯ ದಿನ ಹಾಜರಿದ್ದ ಹಂಗಾಮಿಗಳ ಹೆಸರನ್ನು ಮಾತ್ರ ಕಾಯಂ ಮಾಡಲು ಕಳುಹಿಸುತ್ತಾರೆಂದು ಈಗ ತಿಳಿದುಬಂದಿದೆ. ಆದ್ದರಿಂದ ಹೊಸ ರಾಜ್ಯದ ಲಾಂಛನವಾಗಿ ಮೆರೆದವನೇ ಹೊಸ ರಾಜ್ಯದ ನೌಕರಿಯಿಂದ ಹೊರಗುಳಿಯುವ ಪ್ರಸಂಗ ಬಂದಿದೆ. ಈ ಕೆಲಸ ಹೋದರೆ ಉರ್ದು ನಕಲುಗಾರನನ್ನು ಇನ್ನು ಯಾರು ಇಟ್ಟುಕೊಳ್ಳುತ್ತಾರೆ?

೮. ಹೆಡ್ ಕ್ಲರ್ಕರಲ್ಲಿ ಕೇಳಿಕೊಂಡೆ. “ಹಕ್ಕಿ ಬಂದಿದ್ದು ಖರೇ. ಒಳಗ ನೀವ ಇದ್ದಿರಿ ಅನ್ನಾಕ ಏನ್ ಪುರಾವೆ?” ಎಂದರು. ಶಾಲುಬಾಯಿಯನ್ನು ಕರೆತಂದೆ. ಹೆಂಡತಿಯ ಸಾಕ್ಷಿ ನಡೆಯುವುದಿಲ್ಲವೆಂದರು. “ಇಪ್ಪತ್ತು ವರ್ಷ ಬಾಳೇ ಮಾಡೀನಿ, ನಡಗಿ ನೋಡೇ ಗುರ್ತ ಹಿಡೀತೇನ್ರಿ,” ಎಂದು ಅವಳು ವಾದಿಸಿದಳು. ನಡಿಗೆಗೆ ನಮೂನೆ ಇಲ್ಲವೆಂದರು. ಖಾಜಾ ಮಿಯಾ ಬಂದು, ಸೂಟ್ ಈ ಮನುಷ್ಯನ ಅಳತೆಗೇ ಹೊಲಿದದ್ದು, ಬೇರೆ ಯಾರಿಗೂ ಕೂಡುವುದಿಲ್ಲ ಎಂದು ಆಣೆ ಇಟ್ಟು ಹೇಳಿದರು. ಪರೀಕ್ಷೆಗೆಂದು ಹೆಡ್ ಕ್ಲರ್ಕರೇ ತೊಟ್ಟು ನೋಡಿದರು. ಸ್ಪಂಜು ಹಿಗ್ಗಿತು. ಅವರಿಗೆ ನನಗಿಂತ ಚೆನ್ನಾಗಿ ಕೂತಿತು. ವಿಶೇಷವಾಗಿ ಹೊಟ್ಟೆ. ಖಾಜಾ ಮಿಯಾ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.

೯. ಕಾರಣ, ಇನ್ನು ಒಂದೇ ಪುರಾವೆ ಉಳಿದಿದೆ. ಅದನ್ನು ಬರೆಯಲು ಮನಸ್ಸಿರಲಿಲ್ಲ. ಇದಕ್ಕಾಗಿಯೇ ಈ ಅರ್ಜಿ ಖುದ್ದು ಕೈಗೆ.

ಚೌಬಾರಾದ ಬಳಿ ತಾವು ಹಕ್ಕಿಯ ಎರಡೂ ಕೊರಳಿಗೆ ಮಾಲೆ ಹಾಕಿದಿರಿ. ಆಗ ಮುಂದಿನ ಬಾಜಾದವರು ನಿಂತುಬಿಟ್ಟ ಕಾರಣ ಮೆರವಣಿಗೆಯೂ ನಿಂತಿತು. ತಾವು ಬಿಸಿಲಿಗೆ ಬೇಸತ್ತು ನನ್ನ ಎಡ ರೆಕ್ಕೆಯ ನೆರಳಿಗೆ ಬಂದಿರಿ. ಸುತ್ತ ಗದ್ದಲವಿತ್ತು. ಒಳಗಿರುವವನು ಯಾವನೋ ಕೂಲಿಯವನು, ತಮ್ಮ ಮಾತು ತಿಳಿಯದವನು ಎಂದುಕೊಂಡಿರಬೇಕು. ತಾವು ಹಕ್ಕಿಗೆ ಹೀಗೆಂದಿರಿ:

“ನಿನಗೇನಪ್ಪಾ, ಎರಡು ತಲೆ ಇದೆ. ನನಗಿರೋ ಒಂದಕ್ಕೆ ಇಲ್ಲಿಯವರ ಮಾತು ಏನೇನೂ ಹತ್ತುತ್ತಿಲ್ಲ ಕಣೋ. ಇದೂ ಕನ್ನಡಾನೇ ಅಂತಾರೆ. ಎಲ್ಲಕ್ಕೂ ಸುಮ್ನೆ ನಗ್ತೀನಿ. ಅಮ್ಮನಿಗೆ ಮಾತ್ರ ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಕಾಗದ ಬರೆದಿದ್ದೀನಿ. ರಾತ್ರಿ ಅಳು ಬಂದ್ಬಿಡತ್ತೆ.”

ಆಮೇಲೆ ನನ್ನ ಕೌದಿಯ ತುದಿಯಿಂದ ಕಣ್ಣೊರೆಸಿಕೊಂಡಿರಿ.

ಸಾಹೇಬರೇ, ತಾವು ಅಧಿಕಾರಿ ಎಂಬುದೇ ಮರೆತುಹೋಗಿ, ನಮ್ಮ ಮನೆಗೆ ಕರೆದೊಯ್ದು ಜೋಳದ ರೊಟ್ಟಿ ಹಾಕಬೇಕೆನ್ನಿಸಿತು. ನನಗೂ ಹಾಗೆಯೇ ಆಗುತ್ತದೆ. ನಾನೂ ಎಲ್ಲಕ್ಕೂ ಸುಮ್ಮನೆ ನಗುತ್ತೇನೆ. ಹುಟ್ಟಿದ ಜಿಲ್ಲೆಯಲ್ಲಿಯೇ ಕೂತು, ಒಂದು ಒತ್ತಕ್ಷರ ಎಲ್ಲಿ ಬರೆಯಬೇಕೆಂದು ತಿಳಿಯದೆ ಬೆವರುತ್ತೇನೆ. ತಮ್ಮ ಬೆನ್ನ ಮೇಲೆ ಕೈಯಾಡಿಸೋಣವೆಂದರೆ ಕೈ ಹೊಲಿದುಹೋಗಿತ್ತು. ಆದ್ದರಿಂದ ರೆಕ್ಕೆಯನ್ನು ಸ್ವಲ್ಪ ಬಾಗಿಸಿದೆ. ಅದು ಗಾಳಿಗೆ ಬಾಗಿತೆಂದು ತಾವು ತಿಳಿದಿದ್ದರೆ, ಅದು ಗಾಳಿಯಲ್ಲ.

೧೦. ಈ ಮಾತನ್ನು ಹಕ್ಕಿಯೊಳಗಿದ್ದವನ ಹೊರತು ಬೇರೆ ಯಾರೂ ಕೇಳಿರಲು ಸಾಧ್ಯವಿಲ್ಲ. ಇದುವರೆಗೆ ಶಾಲುಬಾಯಿಗೂ ಹೇಳಿಲ್ಲ. ಅವಳು ಕೌದಿ ಯಾಕೆ ಒದ್ದೆಯೆಂದು ಕೇಳಿದಾಗ ಬೆವರು ಎಂದಿದ್ದೇನೆ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಸದರಿ ದಿನದ ಸದರಿ ಹಕ್ಕಿ ನಾನೇ ಎಂದು ಒಪ್ಪಿ ನನ್ನನ್ನು ಹಾಜರು ಮಾಡಿಕೊಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಗುಟ್ಟು ಕಾಯುವವ,
ಮಚ್ಛೇಂದ್ರ ಕಾಶೀರಾಮ

ಅಡಕಗಳು:
೧. ಎದೆಕವಚದ ಸ್ಪಂಜು, ಅಂಗೈ ಅಗಲದ್ದು (ಹಿಂಡಿ ನೋಡಬಹುದು).
೨. ಖಾಜಾ ಮಿಯಾ ಬರೆದುಕೊಂಡ ಅಳತೆಚೀಟಿ. ಬಲಗಡೆಯಿಂದ ಓದತಕ್ಕದ್ದು.
೩. ಮಾಲೆಯ ಒಣಗಿದ ಹೂವು, ತಲೆಗೊಂದರಂತೆ.

ಕಡೆಯ ವಿನಂತಿ: ಅಂಶ ೯ ಹೆಡ್ ಕ್ಲರ್ಕರ ಕಣ್ಣಿಗೆ ಬೀಳಬಾರದು. ಕಾರಣ, ಈ ಅರ್ಜಿಯನ್ನು ಫೈಲಿಗೆ ಸೇರಿಸದೆ, ತಾವು ಸ್ವತಃ ತಮ್ಮ ಬಿಡಾರದ ನೀರೊಲೆಗೆ ಹಾಕಿ ಸುಡಬೇಕಾಗಿ ಕೋರುತ್ತೇನೆ. ಸುಡುವುದಕ್ಕೆ ಮೊದಲು ಹಾಜರಿ ಹಾಕಬೇಕು.